38 ಹಾಸಿಗೆಗಳಿಗೆ ಒಬ್ಬರೇ ಸಿಸ್ಟರ್: ರಾತ್ರಿ ಪಾಳಿಯನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಮಹಿಳಾ ವಾರ್ಡಿನ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯೊಂದರ ಮಹಿಳಾ ಮೆಡಿಕಲ್ ವಾರ್ಡಿನಲ್ಲಿ ಎರಡು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಅಲ್ಲಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಿಗ್ಗೆ 8, ಹೀಗೆ ನಮಗೆ ಮೂರು ಪಾಳಿಗಳಿವೆ. ಬೆಳಗಿನ ಪಾಳಿಯಲ್ಲಿ ಮೂವರು ಇರುತ್ತೇವೆ. ರಾತ್ರಿಯ ಹನ್ನೆರಡು ಗಂಟೆ 38 ಹಾಸಿಗೆಗಳಿಗೆ ನಾನೊಬ್ಬಳೇ, ಜೊತೆಗೆ ಒಬ್ಬರು ಗ್ರೂಪ್ ಡಿ ಸಿಬ್ಬಂದಿ. ಮಳೆಗಾಲದಲ್ಲಿ ಡೆಂಗಿ ಜ್ವರ ಹೆಚ್ಚಾದಾಗ ನೆಲದ ಮೇಲೂ ಹಾಸಿಗೆ ಹಾಕುತ್ತೇವೆ. ಆಗ ಸಂಖ್ಯೆ 45 ದಾಟುತ್ತದೆ.

ಕಳೆದ ತಿಂಗಳು ನಡೆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನ್ಯುಮೋನಿಯಾಕ್ಕೆ ದಾಖಲಾಗಿದ್ದ ಅಜ್ಜಿಯೊಬ್ಬರ ಬಿ.ಪಿ., ನಾಡಿ, ಜ್ವರ ಎಲ್ಲವನ್ನೂ ರಾತ್ರಿ 10 ಗಂಟೆಗೆ ನೋಡಿ ಬರೆದೆ. ಉಸಿರಾಟದ ಸಾಲಿನಲ್ಲಿ 20 ಎಂದು ಬರೆದೆ, ಆದರೆ ಎಣಿಸಿರಲಿಲ್ಲ. ಮಧ್ಯಾಹ್ನದ ಪಾಳಿಯವರು 20 ಎಂದು ಬರೆದಿದ್ದರು, ಬೆಳಗಿನ ಪಾಳಿಯವರೂ 20 ಎಂದೇ ಬರೆದಿದ್ದರು, ನನ್ನ ಕೈಯೂ ಅದನ್ನೇ ಬರೆಯಿತು. ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಅವರ ಸೊಸೆ ಓಡಿ ಬಂದು "ಸಿಸ್ಟರ್, ನಮ್ಮತ್ತೆ ಕರೆದರೆ ಓಗೊಡ್ತಿಲ್ಲ" ಎಂದಾಗ ಹೋಗಿ ನೋಡಿದರೆ ಉಸಿರು ನಿಮಿಷಕ್ಕೆ 36, ಆಕ್ಸಿಜನ್ ಪ್ರಮಾಣ 82. ಡ್ಯೂಟಿ ಡಾಕ್ಟರರು ತಕ್ಷಣ ಬಂದರು, ಅಜ್ಜಿಯನ್ನು ಐಸಿಯುಗೆ ಸಾಗಿಸಿದೆವು, ಒಂಬತ್ತು ದಿನಗಳ ನಂತರ ಅವರು ನಡೆದುಕೊಂಡೇ ಮನೆಗೆ ಹೋದರು. ಆದರೆ ಆ 20 ಎಂಬ ಅಂಕಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. 10 ಗಂಟೆಗೆ ನಿಜವಾಗಿ ಎಣಿಸಿದ್ದರೆ ಬಹುಶಃ 26 ಅಥವಾ 28 ಸಿಗುತ್ತಿತ್ತು, ಆರು ಗಂಟೆ ಮೊದಲೇ ಡಾಕ್ಟರರನ್ನು ಕರೆಯಬಹುದಿತ್ತು.

38 ಜನರ ಉಸಿರನ್ನು ಒಂದೊಂದು ನಿಮಿಷ ಎಣಿಸಿದರೆ 38 ನಿಮಿಷ ಬೇಕು. ಬಿ.ಪಿ. ಮತ್ತು ಉಳಿದದ್ದೂ ಸೇರಿದರೆ ಎರಡೂವರೆ ಗಂಟೆ ಹಿಡಿಯುತ್ತದೆ. ಅದೇ ಹೊತ್ತಿಗೆ 10 ಗಂಟೆಯ ಇಂಜೆಕ್ಷನ್ನುಗಳು, ಹೊಸ ದಾಖಲಾತಿಗಳು, ಮುಗಿಯುತ್ತಿರುವ ಡ್ರಿಪ್‌ಗಳು ಎಲ್ಲವೂ ಇರುತ್ತವೆ. ಅನುಭವಿಗಳು ಇಂಥ ರಾತ್ರಿಯಲ್ಲಿ ಯಾವುದನ್ನು ಮೊದಲು ಮಾಡುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ತಿಳಿಯಲು ಬಯಸುತ್ತೇನೆ.

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಧಾರವಾಡ:

ಸಿಸ್ಟರ್, ಮೊದಲಿಗೆ ಇದನ್ನು ಒಪ್ಪಿಕೊಂಡು ಬರೆದದ್ದಕ್ಕೆ ನಿಮ್ಮ ಬಗ್ಗೆ ಗೌರವ ಮೂಡಿತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ನಾನು ತಿರುವಿ ಹಾಕಿದ ಕೇಸ್ ಶೀಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಉಸಿರಾಟ 20 ಅಥವಾ 22 ಎಂದೇ ಇರುತ್ತಿತ್ತು. ನಾಡಿಗೆ ಯಂತ್ರವಿದೆ, ಬಿ.ಪಿ.ಗೆ ಯಂತ್ರವಿದೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಉಸಿರನ್ನು ಮಾತ್ರ ಕಣ್ಣಿನಿಂದಲೇ ಎಣಿಸಬೇಕಾದ್ದರಿಂದ ಅದು ಹಿಂದೆ ಬೀಳುತ್ತದೆ. ಆದರೆ ರೋಗಿ ಕೆಡುತ್ತಿದ್ದಾರೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಬಹುತೇಕ ಆ ಎಣಿಕೆಯೇ.

ನಾನು ಮಾಡುತ್ತಿದ್ದ ಕ್ರಮವನ್ನು ಹೇಳುತ್ತೇನೆ. ಡ್ಯೂಟಿ ರೂಮಿನಲ್ಲಿ ಕುಳಿತು ರಿಪೋರ್ಟ್ ಪುಸ್ತಕ ನೋಡಿಕೊಂಡು ಚಾರ್ಜ್ ತೆಗೆದುಕೊಳ್ಳಬೇಡಿ. ಮಧ್ಯಾಹ್ನದ ಪಾಳಿಯವರನ್ನು ಜೊತೆಗೆ ಕರೆದುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಡೆಯಿರಿ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸಿ. ಒಂದು ಪೂರ್ಣ ವಾಕ್ಯವನ್ನು ನಿಲ್ಲಿಸದೆ ಹೇಳಿದವರ ಉಸಿರು ಸದ್ಯಕ್ಕೆ ನೆಟ್ಟಗಿದೆ ಎಂದು ತಿಳಿಯಬಹುದು. ಎರಡು ಪದಗಳಿಗೊಮ್ಮೆ ನಿಲ್ಲಿಸುವವರು, ಕತ್ತಿನ ಸ್ನಾಯುಗಳನ್ನು ಎಳೆದುಕೊಂಡು ಉಸಿರಾಡುವವರು, ದಿಂಬಿಗೆ ಒರಗದೆ ಮುಂದಕ್ಕೆ ಬಾಗಿ ಕುಳಿತವರು, ನಿನ್ನೆ ಚೆನ್ನಾಗಿ ಮಾತನಾಡಿ ಇಂದು ಮಂಕಾಗಿರುವವರು, ಮಧ್ಯಾಹ್ನದಿಂದ ಮೂತ್ರ ಹೋಗದವರು, ಇವರನ್ನು ಗುರುತು ಹಾಕಿಕೊಳ್ಳಿ. 38 ಜನರಲ್ಲಿ ಇಂಥವರು ಆರೋ ಏಳೋ ಸಿಗುತ್ತಾರೆ. ಆ ಏಳು ಜನರ ಉಸಿರನ್ನು ಗಡಿಯಾರ ಹಿಡಿದು ಪೂರ್ಣ ಒಂದು ನಿಮಿಷ ಎಣಿಸಿ. ಸಾಧ್ಯವಾದರೆ ಅವರ ಹಾಸಿಗೆಗಳನ್ನು ನಿಮ್ಮ ಮೇಜಿನ ಎದುರಿಗೆ ತರಿಸಿಕೊಳ್ಳಿ. ಸಂಬಂಧಿಕರು ಗೊಣಗಿದರೂ ಚಿಂತೆಯಿಲ್ಲ.

ನಮ್ಮ ಜನ ಕಾಯಿಲೆಯನ್ನು ಹೇಳುವ ಮಾತುಗಳ ಬಗ್ಗೆಯೂ ಕಿವಿ ತೆರೆದಿರಲಿ. "ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಒಂದು ಮಾತ್ರೆ ಕೊಡಿ" ಎಂದ ಐವತ್ತರ ಹೆಂಗಸಿನ ಹಣೆಯಲ್ಲಿ ಬೆವರಿದ್ದರೆ ಮಾತ್ರೆ ಕೊಡುವ ಮೊದಲು ಇಸಿಜಿ ತೆಗೆಸಬೇಕು. ನಮ್ಮ ಕಡೆಯವರು "ದಮ್ಮು ಹತ್ತೇದ" ಎನ್ನುತ್ತಾರೆ, ದಕ್ಷಿಣದವರು "ಒಂಥರಾ ಸಂಕಟ ಆಗ್ತಿದೆ" ಎನ್ನುತ್ತಾರೆ. ಸಂಕಟ ಎಂಬುದು ವಾಕರಿಕೆಯೂ ಆಗಿರಬಹುದು, ಎದೆಯ ತೊಂದರೆಯೂ ಆಗಿರಬಹುದು. ಕೈಯಿಟ್ಟು ತೋರಿಸಲು ಹೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಖಾಸಗಿ ಆಸ್ಪತ್ರೆಯ ಬ್ರದರ್, ಬೆಂಗಳೂರು:

ಮೇಡಂ ಹೇಳಿದ್ದು ಸರಿಯಾಗಿದೆ, ಆದರೆ ಹಾಸಿಗೆಯಿಂದ ಹಾಸಿಗೆಗೆ ನಡೆಯಲು ಹಿಂದಿನ ಪಾಳಿಯವರು ನಿಲ್ಲಬೇಕಲ್ಲವೇ? ರಾತ್ರಿ 8 ಗಂಟೆಯ ಕೊನೆಯ ಬಸ್ಸು ಹಿಡಿಯಬೇಕಾದವರು 7:55ಕ್ಕೆ ಚೀಲ ಹೆಗಲಿಗೇರಿಸಿಕೊಂಡಿರುತ್ತಾರೆ. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಎರಡೂ ಪಾಳಿಯವರು ಒಟ್ಟಿಗಿರುವ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲೇ ಇಡದಿದ್ದರೆ, ಸಿಬ್ಬಂದಿಯ ಒಳ್ಳೆಯತನವನ್ನು ನಂಬಿಕೊಂಡು ಹಸ್ತಾಂತರ ನಡೆಯುವುದಿಲ್ಲ.

ಖಾಸಗಿಯಲ್ಲಿ ಸುಖವಿದೆ ಎಂದು ಭಾವಿಸುವವರಿಗಾಗಿ ಒಂದು ಮಾತು. ನಮ್ಮಲ್ಲಿ ಒಬ್ಬರಿಗೆ ಎಂಟು ಹತ್ತು ರೋಗಿಗಳು, ನಿಜ. ಆದರೆ ಪ್ರತಿ ಗ್ಲೌಸು, ಪ್ರತಿ ಸಿರಿಂಜು ಬಿಲ್ಲಿಗೆ ಸೇರಿಸುವುದು, ವಿಮೆಯ ಕಾಗದಕ್ಕೆ ಮೂರು ಬಾರಿ ಫೋನ್ ಮಾಡುವುದು, ಡಿಸ್ಚಾರ್ಜ್ ತಡವಾದರೆ ಬೈಗುಳ ತಿನ್ನುವುದು, ಇವೆಲ್ಲ ನಮ್ಮ ತಲೆಗೇ ಬರುತ್ತವೆ. ಪರಿಶೀಲನಾ ತಂಡ ಬರುವ ವಾರದಲ್ಲಿ ನಾವು ರೋಗಿಯ ಮುಖಕ್ಕಿಂತ ಹೆಚ್ಚಾಗಿ ರಿಜಿಸ್ಟರುಗಳ ಮುಖವನ್ನು ನೋಡುತ್ತೇವೆ.

ಸಂಬಳದ ವಿಷಯ ಎಲ್ಲರಿಗೂ ಗೊತ್ತಿರಲಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳಲ್ಲಿ ಆಯಾ ರಾಜ್ಯ ಸರ್ಕಾರದ ಶುಶ್ರೂಷಕರಿಗೆ ಸಮನಾದ ವೇತನ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ನಾನು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಆ ಶಿಫಾರಸು ಬಂದು ಕೆಲವು ವರ್ಷಗಳಾದ ಮೇಲೆ, 30 ಹಾಸಿಗೆಗಳ ನರ್ಸಿಂಗ್ ಹೋಮೊಂದರಲ್ಲಿ ಸೇರಿದ್ದು 13,000 ರೂಪಾಯಿಗೆ. ಆರು ತಿಂಗಳ ಹಿಂದೆ ಸೇರಿದ ಸಿಸ್ಟರೊಬ್ಬರು ಹೋದ ವಾರ ಕೆಲಸ ಬಿಟ್ಟರು. ಕೈಗೆ ಕೆಲಸ ಕೂರುವ ಹೊತ್ತಿಗೆ ಜನ ಹೊರಟುಹೋಗುತ್ತಾರೆ, ಮತ್ತೆ ಹೊಸಬರಿಗೆ ಮೊದಲಿನಿಂದ ಕಲಿಸಬೇಕು.

ಒಬ್ಬ ರೋಗಿಯ ಮಗ, ಹಾಸನ:

ನಾನು ಈ ವೃತ್ತಿಯವನಲ್ಲ. ಕಳೆದ ವರ್ಷ ನನ್ನ ತಾಯಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು, ನಾನು ಹಾಸಿಗೆಯ ಪಕ್ಕದಲ್ಲಿಯೇ ಇದ್ದೆ. ರಾತ್ರಿ ಡ್ರಿಪ್ ಬಾಟಲಿ ಖಾಲಿಯಾದಾಗ ಮೂರು ಬಾರಿ ಹೋಗಿ ಕರೆದೆ. ಮೂರನೆಯ ಬಾರಿ "ಗೊತ್ತಾಯ್ತು ಹೋಗಿ, ನಿಮ್ಮೊಬ್ಬರದೇ ಅಲ್ಲ" ಎಂದು ಗದರಿದರು. ಗಾಳಿ ಒಳಗೆ ಹೋಗಿ ತಾಯಿಗೆ ಏನಾದರೂ ಆದೀತೆಂದು ನಾನು ನಡುಗುತ್ತಿದ್ದೆ. ನಿಮ್ಮ ಕಷ್ಟ ಓದಿದಾಗ ಅರ್ಥವಾಗುತ್ತದೆ. ಆದರೆ ಹೆದರಿಕೊಂಡವರೊಡನೆ ಹಾಗೆ ಮಾತನಾಡುವುದು ಏಕೆ ಎಂಬ ಪ್ರಶ್ನೆ ಉಳಿದೇ ಇದೆ.

ಮಹಿಳಾ ವಾರ್ಡಿನ ಸಿಸ್ಟರ್:

ಸರ್, ಹಾಗೆ ಗದರಿದ್ದು ತಪ್ಪು. ನಾನೂ ಗದರಿದ್ದೇನೆ, ಆಮೇಲೆ ಡ್ಯೂಟಿ ರೂಮಿಗೆ ಬಂದು ಬೇಸರಪಟ್ಟಿದ್ದೇನೆ.

ಡ್ರಿಪ್ ವಿಷಯದಲ್ಲಿ ನಿಮ್ಮಂಥವರ ಹೆದರಿಕೆಯನ್ನು ನಾವು ಮೊದಲೇ ಹೋಗಲಾಡಿಸಬೇಕು. ಬಾಟಲಿ ಖಾಲಿಯಾದ ತಕ್ಷಣ ಕೊಳವೆಯಲ್ಲಿ ಉಳಿದ ಗಾಳಿಯೆಲ್ಲ ದೇಹದೊಳಗೆ ನುಗ್ಗಿಬಿಡುವುದಿಲ್ಲ. ದ್ರವದ ಎತ್ತರ ಕಡಿಮೆಯಾಗುತ್ತಾ ಬಂದಂತೆ ರಕ್ತನಾಳದ ಒತ್ತಡವೇ ಅದನ್ನು ತಡೆಯುತ್ತದೆ, ಬಹಳ ಸಲ ರಕ್ತವೇ ಕೊಳವೆಯೊಳಗೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಹಾಗೆ ಬಿಟ್ಟರೆ ಕ್ಯಾನುಲಾದಲ್ಲಿ, ಅಂದರೆ ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಯಲ್ಲಿ, ರಕ್ತ ಹೆಪ್ಪುಗಟ್ಟಿ ಮತ್ತೆ ಚುಚ್ಚಬೇಕಾಗುತ್ತದೆ, ಆದ್ದರಿಂದ ನೀವು ಕರೆದದ್ದು ಸರಿಯೇ. ನಾನು ಈಗ ಡ್ರಿಪ್ ಹಾಕುವಾಗಲೇ ಸಂಬಂಧಿಕರಿಗೆ ಮುಗಿಯುವ ಗಂಟೆಯನ್ನು ಹೇಳುತ್ತೇನೆ. 500 ಮಿ.ಲೀ. ಬಾಟಲಿ ಆರು ಗಂಟೆಯಲ್ಲಿ ಹೋಗಬೇಕಾದರೆ, ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 28 ಹನಿ. ಹನಿಗಳನ್ನು ಹೊಂದಿಸಿ, ಬಾಟಲಿಯ ಮೇಲೆ ಅಂಟುಪಟ್ಟಿ ಹಚ್ಚಿ "2 ಗಂಟೆಗೆ ಮುಗಿಯುತ್ತದೆ, ಕೊನೆಯ ಗೆರೆಗೆ ಬಂದಾಗ ಹೇಳಿ, ಈ ಚಕ್ರವನ್ನು ಮಾತ್ರ ಮುಟ್ಟಬೇಡಿ" ಎಂದರೆ ಹತ್ತರಲ್ಲಿ ಎಂಟು ಜನ ನಿಶ್ಚಿಂತೆಯಿಂದ ಮಲಗುತ್ತಾರೆ. ಬೇಗ ಮುಗಿಯಲೆಂದು ಚಕ್ರವನ್ನು ತಿರುಗಿಸಿಬಿಡುವವರದೇ ನನಗೆ ದೊಡ್ಡ ಭಯ, ಅದರಲ್ಲೂ ಹೃದಯದ ತೊಂದರೆಯಿರುವ ರೋಗಿಗಳಲ್ಲಿ.

ಆದರೆ ಸರ್, ಡ್ರಿಪ್ ಹೊರತಾಗಿ, ಉಸಿರು ಬದಲಾಯಿತು, ಮಾತು ತೊದಲಿತು, ಅಮ್ಮ ಎಂದಿನಂತಿಲ್ಲ ಎಂದು ನಿಮಗೆ ಅನ್ನಿಸಿದರೆ ಸಿಸ್ಟರ್ ಬೈದರೂ ಪರವಾಗಿಲ್ಲ, ಮತ್ತೆ ಮತ್ತೆ ಕರೆಯಿರಿ. ಆ ಅಜ್ಜಿಯ ಸೊಸೆ ಅಂದು ನನ್ನನ್ನು ಕರೆಯದಿದ್ದರೆ ಏನಾಗುತ್ತಿತ್ತೋ.

ಇಂಗ್ಲೆಂಡಿನಲ್ಲಿರುವ ಕನ್ನಡತಿ:

ನಾನು ಶಿವಮೊಗ್ಗದವಳು, ಎಂಟು ವರ್ಷಗಳಿಂದ ಇಲ್ಲಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದೇನೆ. ಉಸಿರಾಟದ ಎಣಿಕೆಯ ಬಗ್ಗೆ ಸಿಸ್ಟರ್ ಬರೆದದ್ದನ್ನು ಓದಿ ನನ್ನ ಊರಿನ ದಿನಗಳು ನೆನಪಾದವು, ಅಲ್ಲಿ ನಾನೂ 20 ಎಂದೇ ಬರೆಯುತ್ತಿದ್ದೆ.

ಇಲ್ಲಿ ಬಹುತೇಕ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ವಯಸ್ಕ ರೋಗಿಗಳಿಗೆ ನ್ಯೂಸ್-2 ಎಂಬ ಒಂದೇ ಅಂಕಪಟ್ಟಿಯನ್ನು ಬಳಸುತ್ತಾರೆ. ಉಸಿರಾಟ, ಆಕ್ಸಿಜನ್ ಪ್ರಮಾಣ, ಹೆಚ್ಚುವರಿ ಆಕ್ಸಿಜನ್ ಕೊಡಲಾಗುತ್ತಿದೆಯೇ ಎಂಬುದು, ಮೇಲಿನ ಬಿ.ಪಿ., ನಾಡಿ, ಪ್ರಜ್ಞೆ, ಜ್ವರ, ಇವುಗಳಿಗೆ ಅಂಕ ಕೊಡಬೇಕು. ಉಸಿರಾಟ 12ರಿಂದ 20ರೊಳಗಿದ್ದರೆ ಸೊನ್ನೆ, 21ರಿಂದ 24ಕ್ಕೆ 2, 25 ಅಥವಾ ಅದಕ್ಕಿಂತ ಹೆಚ್ಚಾದರೆ 3. ಒಟ್ಟು 5 ಆದರೆ ಡಾಕ್ಟರರು ತುರ್ತಾಗಿ ಬಂದು ನೋಡಬೇಕು, 7 ಆದರೆ ತುರ್ತು ತಂಡವೇ ಬರಬೇಕು. ಯಾವುದೇ ಒಂದರಲ್ಲಿ 3 ಬಂದರೂ ಕರೆಯಬೇಕು. ಇದರಿಂದ ನನಗಾದ ದೊಡ್ಡ ಉಪಕಾರವೆಂದರೆ, ಮಧ್ಯರಾತ್ರಿ ಡಾಕ್ಟರರನ್ನು ಎಬ್ಬಿಸಲು ನನ್ನ ಅಳುಕು ಹೋಯಿತು. "ಯಾಕೋ ಸರಿ ಕಾಣ್ತಿಲ್ಲ ಸರ್" ಎನ್ನುವ ಬದಲು "ಹದಿನೇಳನೇ ಹಾಸಿಗೆ, ಅಂಕ 7, ಒಂದು ಗಂಟೆ ಹಿಂದೆ 3 ಇತ್ತು" ಎಂದರೆ ಯಾರೂ ನಿರ್ಲಕ್ಷಿಸುವುದಿಲ್ಲ. ಇದಕ್ಕೆ ಯಂತ್ರವೇನೂ ಬೇಡ, ಒಂದು ಮುದ್ರಿತ ಹಾಳೆ ಸಾಕು.

ಆದರೆ ಇಲ್ಲಿ ಎಲ್ಲವೂ ಹೊನ್ನಾಗಿದೆ ಎಂದು ತಿಳಿಯಬೇಡಿ. ಪಾಳಿ ಹನ್ನೆರಡೂವರೆ ಗಂಟೆಯದು, ಖಾಲಿ ಹುದ್ದೆಗಳು ಇಲ್ಲಿಯೂ ಇವೆ. ವ್ಯತ್ಯಾಸವಿರುವುದು ಸಹಾಯಕರಲ್ಲಿ: ಸ್ನಾನ, ಊಟ, ಮಗ್ಗುಲು ಬದಲಿಸುವುದು, ಇವುಗಳಿಗೆ ತರಬೇತಿ ಪಡೆದ ಸಹಾಯಕರು ಇರುತ್ತಾರೆ. ನಮ್ಮೂರಿನಲ್ಲಿ ಆ ಕೆಲಸವನ್ನು ರೋಗಿಯ ಹೆಂಡತಿಯೋ ಮಗಳೋ ಮಾಡುತ್ತಾರೆ, ಅವರಿಗೆ ಯಾರೂ ಕಲಿಸಿರುವುದಿಲ್ಲ.

ಗುತ್ತಿಗೆ ಸಿಸ್ಟರ್, ಕಲಬುರಗಿ ಕಡೆ:

ಅಕ್ಕಂದಿರೇ, ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ, ನನಗೆ ತುರ್ತಾಗಿ ಉತ್ತರ ಬೇಕಾಗಿದೆ. ಇಂದು ಬೆಳಿಗ್ಗೆ ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿಕೊಂಡೆ. ರೋಗಿಯ ರಿಪೋರ್ಟ್ ಇನ್ನೂ ಬಂದಿಲ್ಲ. ಗುತ್ತಿಗೆಯ ನವೀಕರಣ ಹತ್ತಿರದಲ್ಲಿದೆ, ಹೇಳಿದರೆ ನನ್ನದೇ ತಪ್ಪು ಎಂದು ಬರೆದಾರು ಎಂಬ ಭಯದಿಂದ ಇನ್ನೂ ಯಾರಿಗೂ ತಿಳಿಸಿಲ್ಲ.

ಸೋಂಕು ನಿಯಂತ್ರಣ ಸಿಸ್ಟರ್, ಮಂಗಳೂರು:

ಈ ಸಂದೇಶವನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಮೇಲಧಿಕಾರಿಗೆ ಹೇಳಿ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯಿರಿ, ಹಿಂಡಬೇಡಿ, ಸ್ಪಿರಿಟ್ ಅಥವಾ ಬ್ಲೀಚಿಂಗ್ ಹಾಕಬೇಡಿ. ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಬೆಳಿಗ್ಗೆಯೇ ಆಗಿದೆ ಎಂದು ಕೈಚೆಲ್ಲಬೇಡಿ, ನಿಮಗಿನ್ನೂ ಸಮಯವಿದೆ. ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಅದು ಉಚಿತವಾಗಿ ಸಿಗುತ್ತದೆ, ರಾತ್ರಿಯಾದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೇಳಿ. ನಿಮ್ಮ ರಕ್ತವನ್ನೂ, ಒಪ್ಪಿಗೆ ಪಡೆದು ರೋಗಿಯ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ಕಳುಹಿಸಬೇಕು.

ಧೈರ್ಯಕ್ಕಾಗಿ ಒಂದು ಲೆಕ್ಕ ಹೇಳುತ್ತೇನೆ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಂಭವ ಸುಮಾರು ಶೇ. 0.3, ಅಂದರೆ ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಹರಡುತ್ತದೆ, ಆದರೆ ಅದಕ್ಕೆ ಲಸಿಕೆಯಿದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಮೂರು ಚುಚ್ಚುಮದ್ದು. ಮೂರನ್ನೂ ಪಡೆದಿದ್ದೀರಾ, ನಂತರ ರಕ್ತದಲ್ಲಿ ರಕ್ಷಣೆಯ ಪ್ರಮಾಣ 10ಕ್ಕಿಂತ ಮೇಲಿದೆಯೇ ಎಂದು ನೋಡಿಸಿದ್ದೀರಾ ಎಂಬುದನ್ನು ಅಲ್ಲಿ ಹೇಳಿ.

ನಂತರದ ಮಾತು ಎಲ್ಲರಿಗೂ ಸೇರಿದ್ದು. ಬಳಸಿದ ಸೂಜಿಗೆ ಮುಚ್ಚಳವನ್ನು ಮತ್ತೆ ಹಾಕಲೇಬಾರದು ಎಂಬುದನ್ನು ನಾವೆಲ್ಲ ಓದಿದ್ದೇವೆ. ಆದರೂ ಏಕೆ ಹಾಕುತ್ತೇವೆ? ಬಳಸಿದ ಸೂಜಿಯನ್ನು ಕತ್ತರಿಸುವ ಹಬ್ ಕಟರ್ ವಾರ್ಡಿನ ಇನ್ನೊಂದು ತುದಿಯಲ್ಲಿ ಇರುವುದರಿಂದ, ಕೈಯಲ್ಲಿ ತೆರೆದ ಸೂಜಿ ಹಿಡಿದು ಜನರ ನಡುವೆ ಮೂವತ್ತು ಹೆಜ್ಜೆ ನಡೆಯಲು ಹೆದರಿ ಮುಚ್ಚಳ ಹಾಕುತ್ತೇವೆ. ನಮ್ಮಲ್ಲಿ ಹಬ್ ಕಟರನ್ನೂ, ಸೂಜಿ ತೂರದ ಬಿಳಿ ಡಬ್ಬಿಯನ್ನೂ ಡ್ರೆಸ್ಸಿಂಗ್ ಟ್ರಾಲಿಗೇ ಕಟ್ಟಿದ ಮೇಲೆ ಇಂಥ ಗಾಯಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಚುಚ್ಚಿಕೊಂಡವರನ್ನು ಬೈದರೆ ಮುಂದಿನವರು ಮುಚ್ಚಿಡುತ್ತಾರೆ, ಅಷ್ಟೇ.

ಗುತ್ತಿಗೆ ಸಿಸ್ಟರ್, ಕಲಬುರಗಿ ಕಡೆ:

ಹೇಳಿದೆ. ಸೂಪರಿಂಟೆಂಡೆಂಟ್ ಮೇಡಂ ತಾವೇ ಜೊತೆಗೆ ಬಂದರು. ಮೊದಲ ಮಾತ್ರೆ ತೆಗೆದುಕೊಂಡಾಗ ಚುಚ್ಚಿ ಒಂಬತ್ತು ಗಂಟೆಯಾಗಿತ್ತು. ಲಸಿಕೆಯ ಮೂರನೆಯ ಡೋಸ್ ನಾನು ಪಡೆದಿರಲಿಲ್ಲ ಎಂಬುದು ಈಗ ತಿಳಿಯಿತು.

ನರ್ಸಿಂಗ್ ವಿದ್ಯಾರ್ಥಿನಿ, ತುಮಕೂರು:

ಹಿರಿಯರಲ್ಲಿ ಒಂದು ಪ್ರಶ್ನೆ. ವಾರ್ಡಿನಲ್ಲಿ ಇನ್ಸುಲಿನ್ ಸಿರಿಂಜು ಕೆಲವೊಮ್ಮೆ ಕೆಂಪು ಮುಚ್ಚಳದ್ದು ಇರುತ್ತದೆ, ಕೆಲವೊಮ್ಮೆ ಕಿತ್ತಳೆ ಬಣ್ಣದ್ದು. "ಎರಡೂ ಒಂದೇ, ಹಾಕು" ಎಂದು ಒಬ್ಬರು ಹೇಳಿದರು. ನನಗೆ ಸಮಾಧಾನವಾಗಲಿಲ್ಲ.

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಧಾರವಾಡ:

ಸಮಾಧಾನವಾಗದೆ ಇದ್ದದ್ದು ಒಳ್ಳೆಯದೇ ಆಯಿತು ತಂಗಿ, ಎರಡೂ ಒಂದೇ ಅಲ್ಲ. ಕೆಂಪು ಮುಚ್ಚಳದ ಸಿರಿಂಜು ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಗೆ, ಕಿತ್ತಳೆಯದು ಮಿ.ಲೀ.ಗೆ 100 ಯೂನಿಟ್ ಇರುವುದಕ್ಕೆ. ನಮ್ಮ ದೇಶದಲ್ಲಿ ಎರಡೂ ಬಗೆಯ ಬಾಟಲಿಗಳು ಸಿಗುತ್ತವೆ. 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು ಬರೀ 8 ಯೂನಿಟ್. ತಿರುಗಾಮುರುಗಾ ಆಗಿ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಊಟ ಮಾಡದೆ ಮಲಗಿದ ರೋಗಿಗೆ ಅದು ಪ್ರಾಣಾಪಾಯ. ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಬಾಯಿಬಿಟ್ಟು ಓದಿ, ಪಕ್ಕದಲ್ಲಿರುವ ಇನ್ನೊಬ್ಬರಿಗೆ ತೋರಿಸಿ, ಊಟದ ತಟ್ಟೆ ಬಂದಿದೆಯೇ ಎಂದು ನೋಡಿಕೊಂಡು ಆಮೇಲೆ ಕೊಡಿ.

ಇಂಗ್ಲೆಂಡಿನ ತಂಗಿ ಮಗ್ಗುಲು ಬದಲಿಸುವ ವಿಷಯ ಎತ್ತಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ನಮ್ಮ ನಾಡಿನ ಶುಶ್ರೂಷಕಿ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೇ ಹಲ್ಲೆ ನಡೆಸಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅಷ್ಟು ವರ್ಷ ಮಲಗಿದಲ್ಲಿಯೇ ಇದ್ದವರಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿಲ್ಲ ಎಂಬುದು 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದಾಖಲಾಯಿತು. ತಲೆಮಾರು ಬದಲಾದರೂ ಅಲ್ಲಿನ ಸಿಸ್ಟರುಗಳು ಅವರ ಮಗ್ಗುಲು ಬದಲಿಸುವುದನ್ನು ಬಿಡಲಿಲ್ಲ. ನಾನು ಹೊಸಬರಿಗೆ ಪಾಠ ಹೇಳುವಾಗಲೆಲ್ಲ ಇದನ್ನು ಹೇಳುತ್ತಿದ್ದೆ, ಹೇಳುವಾಗ ಒಂದೆರಡು ಸಲ ಗಂಟಲು ಕಟ್ಟಿದ್ದೂ ಉಂಟು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು 38 ಜನರ ವಾರ್ಡಿನಲ್ಲಿ ಒಬ್ಬರಿಂದ ಆಗದು. ಆದ್ದರಿಂದ ಹಗಲಿನಲ್ಲಿಯೇ ರೋಗಿಯ ಮನೆಯವರನ್ನು ಕರೆದು, ಕೆಳಹಾಸನ್ನು ಇಬ್ಬರು ಹಿಡಿದು ತಿರುಗಿಸುವುದನ್ನು ಕೈಹಿಡಿದು ಕಲಿಸಿ. ಒಬ್ಬರೇ ಎತ್ತಲು ಹೋಗಿ ಸೊಂಟ ಕಳೆದುಕೊಳ್ಳಬೇಡಿ. ನನ್ನ ಬೆನ್ನು ಇಂದಿಗೂ ಮಳೆಗಾಲದಲ್ಲಿ ನೋಯುತ್ತದೆ.

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್, ಚಾಮರಾಜನಗರ ಜಿಲ್ಲೆ:

ಮೇಡಂ ಅರುಣಾ ಅವರ ಹೆಸರನ್ನು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿರಲಿಲ್ಲ. ಒಂದು ರಾತ್ರಿ ಕುಡಿದು ಬಂದ ಸಂಬಂಧಿಕನೊಬ್ಬ ನನ್ನ ಕೈಯಲ್ಲಿದ್ದ ಟ್ರೇ ಬೀಳಿಸಿ ಕೈ ಎತ್ತಿದ. ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯದಲ್ಲಿ 2009ರ ಕಾಯ್ದೆಯಿದೆ, ಅದು ಡಾಕ್ಟರರಿಗೆ ಮಾತ್ರವಲ್ಲದೆ ಶುಶ್ರೂಷಕರಿಗೂ ಅನ್ವಯಿಸುತ್ತದೆ, ಅದರಡಿಯ ಅಪರಾಧಕ್ಕೆ ಜಾಮೀನು ಸುಲಭವಲ್ಲ ಎಂಬುದು ಅಂದು ನನಗೆ ತಿಳಿದಿರಲಿಲ್ಲ, ಹೊರಠಾಣೆಯ ಪೊಲೀಸರು "ರಾಜಿ ಮಾಡಿಕೊಳ್ಳಿ" ಎಂದರು, ನಾನೂ ಸುಮ್ಮನಾದೆ. ಈಗ ಚಿಲಕವಿದೆ. ರಾತ್ರಿ ಕಾವಲುಗಾರರು ಇನ್ನೂ ಗೇಟಿನಲ್ಲಿಯೇ ಇರುತ್ತಾರೆ, ವಾರ್ಡಿನತ್ತ ಬರುವುದಿಲ್ಲ.

ನೌಕರರ ಸಂಘದ ಸದಸ್ಯ, ಮೈಸೂರು:

ಎಲ್ಲರ ಮಾತನ್ನೂ ಓದಿದೆ. ಇವೆಲ್ಲದರ ಕೆಳಗೆ ಒಂದು ಲೆಕ್ಕವಿದೆ, ಅದನ್ನು ಬಿಡಿಸಿ ನೋಡಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು, ರಜೆಗೆಂದು ಶೇ. 30ರಷ್ಟು ಹೆಚ್ಚುವರಿ. ಕೇಳಿದರೆ ಸಾಕಷ್ಟಿದೆ ಎನ್ನಿಸುತ್ತದೆ. ಆದರೆ ಈ ಅನುಪಾತವನ್ನು ಮಂಜೂರಾದ ಹುದ್ದೆಗಳ ಲೆಕ್ಕಕ್ಕೆ ಹಿಡಿದಾಗ ಏನಾಗುತ್ತದೆ ಎಂಬುದನ್ನು ನೋಡಿ. ಒಂದು ಕುರ್ಚಿಯನ್ನು ವರ್ಷವಿಡೀ ಹಗಲು ರಾತ್ರಿ ತುಂಬಿಡಲು 8,760 ಗಂಟೆಗಳ ಕೆಲಸ ಬೇಕು. ವಾರದ ರಜೆ, ಹಬ್ಬ, ಗಳಿಕೆ ರಜೆ ಕಳೆದು ಒಬ್ಬರು ವರ್ಷಕ್ಕೆ 270 ದಿನ, ದಿನಕ್ಕೆ 8 ಗಂಟೆ ದುಡಿದರೆ 2,160 ಗಂಟೆ. ಅಂದರೆ ಒಂದು ಕುರ್ಚಿಗೆ ನಾಲ್ವರು ಬೇಕು. ರಜೆಯ ಹೆಚ್ಚುವರಿ ಸಿಗದೆ ಐದು ಹಾಸಿಗೆಗೆ ಒಂದು ಹುದ್ದೆ ಎಂದಷ್ಟೇ ಆದರೆ, ಪಾಳಿಯಲ್ಲಿ ನಿಜವಾಗಿ ನಿಲ್ಲುವವರು ಇಪ್ಪತ್ತು ಹಾಸಿಗೆಗೆ ಒಬ್ಬರು. ಬೆಳಗಿನ ಪಾಳಿಗೆ ಮೂವರನ್ನು ಹಾಕಿದರೆ ರಾತ್ರಿಗೆ ಉಳಿಯುವುದು ಒಬ್ಬರೇ, ಅದರಲ್ಲಿ ಎರಡು ಹುದ್ದೆ ಖಾಲಿಯಿದ್ದು, ಒಬ್ಬರು 26 ವಾರಗಳ ಹೆರಿಗೆ ರಜೆಯಲ್ಲಿದ್ದರೆ ಅದೂ ಇಲ್ಲ. ಹೆರಿಗೆ ರಜೆ ಅವರ ಹಕ್ಕು, ಬದಲಿ ಕೊಡದಿರುವುದು ಆಡಳಿತದ ಲೋಪ. ಆದ್ದರಿಂದ ನಮ್ಮ ಬೇಡಿಕೆ ಹುದ್ದೆಯ ಅನುಪಾತಕ್ಕೆ ನಿಲ್ಲದೆ, ಪಾಳಿಯ ಅನುಪಾತವನ್ನು ಕೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ, ನಂತರ ಅದರಡಿಯ ನಿಯಮಗಳಲ್ಲಿ ಹಾಗೆಯೇ ಕೇಳಿತು: ಸಾಮಾನ್ಯ ವಾರ್ಡಿನಲ್ಲಿ ಯಾವ ಹೊತ್ತಿನಲ್ಲಿಯೂ ಒಬ್ಬರಿಗೆ ಐದಕ್ಕಿಂತ ಹೆಚ್ಚು ರೋಗಿಗಳಿರಬಾರದು.

ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಬ್ಬ ಶುಶ್ರೂಷಕಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಅಲ್ಲಿ ಅವರು ಹೋಲಿಸಿದ್ದು ಒಬ್ಬರಿಗೆ ನಾಲ್ಕು ರೋಗಿಗಳಿರುವ ಆಸ್ಪತ್ರೆಯನ್ನು ಎಂಟು ಇರುವ ಆಸ್ಪತ್ರೆಯೊಂದಿಗೆ. ಇಲ್ಲಿ ಸಿಸ್ಟರ್ ಬರೆದಿರುವುದು 38.

ಮಹಿಳಾ ವಾರ್ಡಿನ ಸಿಸ್ಟರ್:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನು ವಾರ್ಡಿನ ಗೋಡೆಗೆ ಹಾಕಿಸಿದೆವು. ಎದುರಿನ ಆರು ಹಾಸಿಗೆಗಳನ್ನು ಹೆಚ್ಚು ಕಾಯಿಲೆಯವರಿಗೆಂದು ಇಡಲು ವಾರ್ಡ್ ಸಿಸ್ಟರ್ ಒಪ್ಪಿದರು. ಇಂಗ್ಲೆಂಡಿನ ಅಕ್ಕ ಹೇಳಿದ ಅಂಕಪಟ್ಟಿಯನ್ನು ಫಿಜಿಶಿಯನ್ ಸರ್ ನೋಡಿ, ಆ ಆರು ಹಾಸಿಗೆಗಳಿಗೆ ಬಳಸಿ ನೋಡೋಣ ಎಂದಿದ್ದಾರೆ. ಚಾರ್ಜ್ ತೆಗೆದುಕೊಳ್ಳುವಾಗ ಮಧ್ಯಾಹ್ನದವರು ಎದುರಿನ ಹಾಸಿಗೆಗಳವರೆಗೆ ಮಾತ್ರ ಜೊತೆಗೆ ಬರುತ್ತಾರೆ, ಸದ್ಯಕ್ಕೆ ಅಷ್ಟೇ ಸಾಧ್ಯವಾಗಿದೆ.

ನಿನ್ನೆ ರಾತ್ರಿ 1:40ಕ್ಕೆ ನಾಲ್ಕನೇ ಹಾಸಿಗೆಯವರ ಉಸಿರು 28 ಇತ್ತು, 10 ಗಂಟೆಗೆ 19 ಇತ್ತು. ಎರಡನ್ನೂ ಎಣಿಸಿದ್ದೆ. ಡಾಕ್ಟರರಿಗೆ ಎರಡೂ ಅಂಕಿ ಹೇಳಿದೆ, ಅವರು ಬಂದರು, ಎಕ್ಸ್‌ರೇ ಬೇಕೆಂದರು. ಗ್ರೂಪ್ ಡಿ ಅಕ್ಕ ರಜೆಯಲ್ಲಿದ್ದರು. ಆಕ್ಸಿಜನ್ ಸಿಲಿಂಡರಿನೊಂದಿಗೆ ನಾನೇ ಸ್ಟ್ರೆಚರ್ ತಳ್ಳಿಕೊಂಡು ಹೋಗಬೇಕಾಯಿತು. ಇಪ್ಪತ್ತೈದು ನಿಮಿಷ 37 ಜನರ ವಾರ್ಡಿನಲ್ಲಿ ಒಬ್ಬ ಸಿಸ್ಟರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಧಾರವಾಡ:

ಹೊರಡುವ ಮೊದಲು ಪಕ್ಕದ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿ ಬಾಗಿಲಲ್ಲಿ ನಿಲ್ಲಲು ಕೇಳಿ, ರಾತ್ರಿಯ ಮೇಲ್ವಿಚಾರಕರಿಗೂ ತಿಳಿಸಿ. ಹಿಂದಿರುಗಿದ ಮೇಲೆ ರಿಪೋರ್ಟ್ ಪುಸ್ತಕದಲ್ಲಿ ಹೋದ ಸಮಯ, ಬಂದ ಸಮಯ, ವಾರ್ಡಿನಲ್ಲಿ ಯಾರೂ ಇರಲಿಲ್ಲ ಎಂಬುದು, ಯಾರಿಗೆ ಫೋನ್ ಮಾಡಿದಿರಿ ಎಂಬುದು, ಇಷ್ಟನ್ನೂ ಬರೆದು ಸಹಿ ಹಾಕಿ. ನಿನ್ನೆಯದನ್ನೂ ತಡವಾಗಿ ಬರೆದದ್ದು ಎಂದು ನಮೂದಿಸಿ ಇಂದೇ ಬರೆಯಿರಿ. ಸಂಘದವರು ಪಾಳಿಯ ಅನುಪಾತ ಕೇಳಲು ಹೋದಾಗ ಅವರ ಕೈಯಲ್ಲಿ ಇರಬೇಕಾದದ್ದು ಆ ಪುಟಗಳೇ.